ಬಣ್ಣ ಹಚ್ಚಿದ್ದು ಬೆನ್ನಿಗೆ

ಪ್ರೀತಿಯ ಗೆಳೆಯ,

ಕಪ್ಪು-ಬಿಳುಪು ಫೋಟೊಗೆ ಕೈಯಿಂದ ಬಣ್ಣ ಬಳಿಯುವುದೆಂದರೆ ಫೋಟೊ ತೆಗೆದವನಿಗೆ ಮಾಡುವ ಅನ್ಯಾಯ ಎಂದು ಬರೆದಿದ್ದೆಯಲ್ಲ, ಆ ಮಾತಿನಲ್ಲಿ ಹುರುಳಿದೆ. ಕೆನ್ನೆಗೆ ಗುಲಾಬಿ ಮೆತ್ತಿ ಮುಖದ ಗೆರೆಗಳನ್ನೇ ಮುಚ್ಚಿಹಾಕಿದ ಭಾವಚಿತ್ರಗಳು ನನಗೂ ಹಿಡಿಸುವುದಿಲ್ಲ. ಆದರೆ 1860ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ತಯಾರಾಗುತ್ತಿದ್ದ ‘ಟಿಶ್ಯೂ’ ಜೋಡಿಚಿತ್ರಗಳನ್ನು ನೋಡದೆ ನೀನು ತೀರ್ಪು ಕೊಡಬಾರದು.

ಜೋಡಿಚಿತ್ರದ ತತ್ವ ನಿನಗೆ ಗೊತ್ತೇ ಇದೆ. ಎರಡು ಕಣ್ಣುಗಳ ನಡುವೆ ಸುಮಾರು ಆರೂವರೆ ಸೆಂಟಿಮೀಟರ್ ಅಂತರ; ಒಂದೊಂದು ಕಣ್ಣಿಗೆ ಕಾಣುವ ನೋಟ ತುಸು ಬೇರೆ. ಆ ಎರಡು ನೋಟಗಳ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಒಂದೊಂದನ್ನು ಒಂದೊಂದು ಕಣ್ಣಿಗೆ ತೋರಿಸಿದರೆ, ಎರಡೂ ಕೂಡಿ ಆಳವುಳ್ಳ ಒಂದೇ ದೃಶ್ಯವಾಗಿ ಕಾಣುತ್ತವೆ. ಇಂಗ್ಲಿಷ್ ವಿಜ್ಞಾನಿ ಚಾರ್ಲ್ಸ್ ವೀಟ್‌ಸ್ಟನ್ ಕನ್ನಡಿಗಳನ್ನು ಇಟ್ಟು, ಬರೀ ಗೆರೆಚಿತ್ರಗಳಿಂದ ಇದನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ವಿವರಿಸಿದ್ದು 1838ರಲ್ಲಿ. ಫ್ರಾನ್ಸಿನ ಡಗೇರ್‌ನ ಛಾಯಾಚಿತ್ರ ವಿಧಾನ ಲೋಕಕ್ಕೆ ಪ್ರಕಟವಾದದ್ದು ಅದರ ಮರುವರ್ಷ! ಆಮೇಲೆ ಸ್ಕಾಟ್ಲೆಂಡಿನ ವಿಜ್ಞಾನಿ ಡೇವಿಡ್ ಬ್ರೂಸ್ಟರ್ ಜೋಡಿಚಿತ್ರ ನೋಡಲು ಮಸೂರ ಹಾಕಿದ ಪೆಟ್ಟಿಗೆ ರೂಪಿಸಿದ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ವಿಕ್ಟೋರಿಯಾ ರಾಣಿ ಅದನ್ನು ಮೆಚ್ಚಿಕೊಂಡ ಮೇಲೆ ಕೇಳುವುದೇ ಬೇಡ, ಮನೆಮನೆಗೂ ಅದು ಬೇಕಾಯಿತು.

ಈಗ ಬಣ್ಣದವನ ಕಷ್ಟ ಯೋಚಿಸು. ಒಂಟಿ ಚಿತ್ರದಲ್ಲಿ ಕುಂಚ ಕೂದಲೆಳೆಯಷ್ಟು ಜಾರಿದರೂ ನಡೆದೀತು. ಜೋಡಿಚಿತ್ರದಲ್ಲಿ ನಡೆಯುವುದಿಲ್ಲ. ಎಡಚಿತ್ರದ ಅಂಗಿಯ ಕೆಂಪು ಬಲಚಿತ್ರದಲ್ಲಿ ಸ್ವಲ್ಪ ಆಚೆ ಚಾಚಿದರೂ ಸಾಕು, ಆ ಕೆಂಪು, ಬಟ್ಟೆಯಿಂದ ಕಳಚಿಕೊಂಡು ಗಾಳಿಯಲ್ಲಿ ನಿಂತಂತೆ ಕಾಣುತ್ತದೆ. ಮಾಡಿದ್ದನ್ನೇ ಎರಡನೆಯ ಸಲ, ಅಷ್ಟೇ ಹದವಾಗಿ ಮಾಡಬೇಕು.

ಪ್ಯಾರಿಸ್ಸಿನವರು ಇದಕ್ಕೆ ಕಂಡುಕೊಂಡ ಉಪಾಯಕ್ಕೆ ನಾನು ಮಾರುಹೋಗಿದ್ದೇನೆ. ಮೊಟ್ಟೆಯ ಬಿಳಿ ಲೇಪಿಸಿದ ತೀರಾ ತೆಳು ಕಾಗದದಲ್ಲಿ ಫೋಟೊ ಮುದ್ರಿಸಿ, ಬಣ್ಣವನ್ನು ಅದರ ಬೆನ್ನಿಗೆ ಹಚ್ಚಿದರು. ಹಿಂದೊಂದು ತೆಳು ಹಾಳೆ ಇಟ್ಟು, ಎರಡು ಕಿಟಕಿ ಕತ್ತರಿಸಿದ ರಟ್ಟಿನ ಚೌಕಟ್ಟಿನಲ್ಲಿ ಸೇರಿಸಿದರು. ಇದನ್ನು ಬ್ರೂಸ್ಟರನ ಪೆಟ್ಟಿಗೆಯೊಳಗಿಟ್ಟು ಮೇಲಿನ ಮುಚ್ಚಳ ತೆರೆದು ನೋಡು: ಬೆಳಕು ಮುಂದಿನಿಂದ ಬಿದ್ದು ಕಂದುಬಣ್ಣದ ಮಾಮೂಲಿ ಫೋಟೊ. ಮುಚ್ಚಳ ಹಾಕಿ ದೀಪದ ಕಡೆ ಹಿಡಿ: ಪರದೆ ಕೆಂಪಾಗುತ್ತದೆ, ಅಂಗಿ ನೀಲಿಯಾಗುತ್ತದೆ. ದೀಪಗುಚ್ಛ, ಹಾರ, ಕಿರೀಟ ಇದ್ದಲ್ಲಿ ಸೂಜಿಯಿಂದ ಚುಚ್ಚಿದ ಸಣ್ಣ ತೂತುಗಳು ಮಿನುಗುತ್ತವೆ. ನಮ್ಮ ತೊಗಲುಗೊಂಬೆಯವರು ಒಡವೆಯ ಜಾಗದಲ್ಲಿ ತೂತು ಕೊರೆದು ಹಿಂದಿನ ದೀಪದಿಂದ ಹೊಳೆಯಿಸುವುದೂ ಹೀಗೆಯೇ ಅಲ್ಲವೇ? ಇಲ್ಲಿ ಒಂದು ಗೆರೆಯೂ ಮುಚ್ಚಿಹೋಗುವುದಿಲ್ಲ. ವಿವರವೆಲ್ಲ ಫೋಟೊದ್ದು, ಬಣ್ಣ ಬೆಳಕಿನ ಜೊತೆ ಬಂದು ಹೋಗುವಂಥದ್ದು. ಅನ್ಯಾಯ ಎಲ್ಲಾಯಿತು ಹೇಳು.

ಇವುಗಳಲ್ಲೆಲ್ಲ ನನಗೆ ಅತಿ ಪ್ರಿಯವಾದವು ‘ದಿಯಾಬ್ಲರಿ’ ಎಂಬ ನರಕದ ದೃಶ್ಯಗಳು. ಜೇಡಿಮಣ್ಣಿನಲ್ಲಿ ಸೈತಾನನ ಆಸ್ಥಾನ, ಅಸ್ಥಿಪಂಜರಗಳ ಔತಣಕೂಟ, ಕುಣಿತ ಎಲ್ಲವನ್ನೂ ಪುಟ್ಟದಾಗಿ ಕಡೆದು ಫೋಟೊ ತೆಗೆದದ್ದು. ತಲೆಬುರುಡೆಗಳ ಕಣ್ಣಲ್ಲಿ ತೂತು ಮಾಡಿ ಹಿಂದೆ ಕೆಂಪು ಜೆಲಟಿನ್ ಅಂಟಿಸಿದ್ದಾರೆ. ಹಿಂದಿನಿಂದ ಬೆಳಕು ಬಿದ್ದೊಡನೆ ಅಷ್ಟೂ ಕಣ್ಣುಗಳು ಕೆಂಡದಂತೆ ಉರಿಯುತ್ತವೆ. ಆಗಿನ ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್ನನ ಆಡಳಿತದ ಆಡಂಬರಕ್ಕೆ ಅದರೊಳಗೆ ಚುಚ್ಚುಮಾತೂ ಉಂಟು. ಮಣ್ಣಿನ ಮೇಲೆ ಶಿಲ್ಪಿಗಳಾದ ಹಾಬೆರ್ ಮತ್ತು ಎನೆಟಿಯೇ ಎಂಬವರು ತಮ್ಮ ಹೆಸರು ಕೊರೆದುಕೊಂಡಿದ್ದಾರೆ. ಬಣ್ಣ ಹಚ್ಚಿದವರ, ಸೂಜಿ ಹಿಡಿದವರ ಹೆಸರು ಮಾತ್ರ ಕಾರ್ಡಿನ ಮೇಲಿಲ್ಲ. ನನಗೆ ನೋವಾಗುವುದು ಅಲ್ಲಿಯೇ.

ಬ್ರಿಟನ್ನಿನ ರಾಕ್ ಸಂಗೀತದ ಕ್ವೀನ್ ತಂಡದ ಗಿಟಾರ್ ವಾದಕ ಬ್ರಯಾನ್ ಮೇ ಇವನ್ನು ವರ್ಷಗಟ್ಟಲೆ ಹುಡುಕಿ ಕೂಡಿಹಾಕಿದವರು. ಅಂತರ್ಜಾಲದಲ್ಲಿ ಹುಡುಕುವಾಗ ಒಂದು ಎಚ್ಚರಿಕೆ ಇರಲಿ: ಮುಂದಿನ ಬೆಳಕಿನಲ್ಲಷ್ಟೇ ಸ್ಕ್ಯಾನ್ ಮಾಡಿದ ಪ್ರತಿಯಲ್ಲಿ ಮಂಕು ಕಂದು ಮಾತ್ರ ಕಾಣುತ್ತದೆ. ಎರಡೂ ಬೆಳಕಿನಲ್ಲಿ ತೆಗೆದದ್ದನ್ನು ಪಕ್ಕಪಕ್ಕದಲ್ಲಿಟ್ಟು ನೋಡು, ಆಮೇಲೆ ಜಗಳಕ್ಕೆ ಬಾ.

ಉತ್ತರಕ್ಕೆ ಕಾಯುತ್ತಿರುವ,
ನಿನ್ನವನು