ಸಂಪಾದಕರ ಮಾತು: ಜಾರುವ ನೆಲ

ಐರ್ಲೆಂಡಿನಲ್ಲಿರುವ ನಮ್ಮ ಕನ್ನಡಿಗರ ಪತ್ರಿಕೆಯ ಈ ಸಂಚಿಕೆ ಕಳೆದ ಭಾನುವಾರವೇ ನಿಮ್ಮ ಕೈ ಸೇರಬೇಕಿತ್ತು. ಈಗ ಬುಧವಾರ ರಾತ್ರಿ ಹನ್ನೊಂದೂವರೆ. ಪಾತ್ರೆಗಳು ಸಿಂಕಿನಲ್ಲೇ ಇವೆ, ನಾಳೆ ಬೆಳಗಿನ ಡ್ಯೂಟಿ ಬೇರೆ. ರಾಜ್ಯೋತ್ಸವದ ಬಗ್ಗೆ ಏನಾದರೂ ಗಂಭೀರವಾಗಿ ಬರೆಯೋಣ ಅಂತಲೇ ಕೂತೆ. ಆದರೆ ಭಾನುವಾರ ಕೋಲಾಟದ ಪ್ರಾಕ್ಟೀಸಿನಲ್ಲಿ ಆದದ್ದು ತಲೆಯಿಂದ ಹೋಗುತ್ತಿಲ್ಲ.

ಮಕ್ಕಳು ಜಾರಿ ಬಿದ್ದರು. ಒಬ್ಬರ ಮೇಲೊಬ್ಬರು, ಕೋಲಿನ ಸಮೇತ. ಸಾಕ್ಸ್ ಹಾಕಿಕೊಂಡು ಕುಣೀಬೇಡಿ ಅಂತ ನಾನು ಕೂಗುತ್ತಿದ್ದೆ. ಸುಮ್ನೆ ನೋಡಿ ಹೋಗೋಣ ಅಂತ ಬಂದಿದ್ದ ನಮ್ಮ ಪಕ್ಕದ ಮನೆಯ ಐರಿಷ್ ಅಜ್ಜಿ ನಕ್ಕುಬಿಟ್ಟರು. "ಈ ನೆಲ ಇರೋದೇ ಜಾರೋದಕ್ಕೆ ಕಣಮ್ಮ" ಅಂದರು. (ಅವರ ಇಂಗ್ಲಿಷ್ ನನ್ನ ಕಿವಿಗೆ ಯಾವಾಗಲೂ ತಿಪಟೂರು ಕನ್ನಡವಾಗಿಯೇ ಕೇಳುತ್ತದೆ, ಏನು ಮಾಡಲಿ.)

ನಾವು ವರ್ಷಕ್ಕೆ ಎರಡು ಸಲ ಬಾಡಿಗೆಗೆ ಹಿಡಿಯುವ ಈ ಹಾಲ್ 1960ರ ದಶಕದಲ್ಲಿ ಊರಿನ ಡ್ಯಾನ್ಸ್ ಹಾಲ್ ಆಗಿತ್ತಂತೆ. ಹಲಗೆಯ ಮೇಲೆ ಸೋಪಿನ ಪುಡಿಯನ್ನೋ ಮೇಣದ ಚೂರನ್ನೋ ಉದುರಿಸುತ್ತಿದ್ದರಂತೆ, ಕಾಲು ಸಲೀಸಾಗಿ ತಿರುಗಲಿ ಅಂತ. ನಾವು ಬಿಸಿಬೇಳೆಬಾತ್ ಬಡಿಸುವ ಕಿಟಕಿ ಇದೆಯಲ್ಲ, ಅಲ್ಲಿ ಲೆಮನೇಡ್ ಮಾರುತ್ತಿದ್ದರು. ಕೋಟು ನೇತುಹಾಕುವ ಕೊಕ್ಕೆಗಳಿಗೆ ಹಿತ್ತಾಳೆಯ ನಂಬರ್ ಯಾಕಿದೆ ಅಂತ ನಾವ್ಯಾರೂ ಇಷ್ಟು ವರ್ಷ ಕೇಳಿರಲೇ ಇಲ್ಲ.

ಅಜ್ಜಿ ತಮ್ಮ ಯಜಮಾನರನ್ನು ನೋಡಿದ್ದೂ ಇಲ್ಲೇ. ಅದನ್ನು ಕೇಳಿಸಿಕೊಂಡ ನನ್ನ ಮಗಳು ನನ್ನ ಕಡೆ ತಿರುಗಿದಳು. "ಹಾಗಾದ್ರೆ ನೀನು ಅಪ್ಪನ ಜೊತೆ ಒಂದು ಡ್ಯಾನ್ಸೂ ಮಾಡ್ದೇ ಮದುವೆ ಆದ್ಯಾ?" ಇಡೀ ಹಾಲಿಗೆ ಕೇಳಿಸಿತು. ಸ್ಪೀಕರಿನ ವೈರು ಬಿಡಿಸುತ್ತಿದ್ದ ನಮ್ಮವರು ತಲೆ ಎತ್ತಲಿಲ್ಲ.

ಆಮೇಲೆ ಟೀ ಕುಡಿಯುತ್ತಾ ಅಜ್ಜಿ ಎಲ್ಲ ಹೇಳಿದರು. ಹುಡುಗಿಯರು ಒಂದು ಗೋಡೆಗೆ, ಹುಡುಗರು ಎದುರು ಗೋಡೆಗೆ. ನಡುವೆ ಖಾಲಿ ನೆಲ. ಬ್ಯಾಂಡು ಶುರುವಾದರೆ ಹುಡುಗರು ಅಷ್ಟೂ ನೆಲ ದಾಟಿ ಬಂದು ಕೇಳಬೇಕು. ಹುಡುಗಿ ಒಲ್ಲೆ ಅಂದರೆ ಅಷ್ಟೂ ನೆಲ ದಾಟಿ ವಾಪಸ್ ಹೋಗಬೇಕು, ಎಲ್ಲರ ಕಣ್ಣೆದುರು. ಒಪ್ಪಿದರೆ ಮೂರು ಹಾಡು ಜೊತೆಯಲ್ಲಿ. ಮೂರಾದ ಮೇಲೆ ಥ್ಯಾಂಕ್ಸ್ ಹೇಳಿ ಗೋಡೆಗೆ ವಾಪಸ್. ಹಾಗೆ ಬಿಟ್ಟು ಹೋಗದೆ "ಒಂದು ಮಿನರಲ್ ಕುಡೀತೀರಾ?" ಅಂತ ಕೇಳಿದನೋ, ಅವನಿಗೆ ಮನಸ್ಸಿದೆ ಅಂತ ಅರ್ಥ. ಇಲ್ಲಿ ಮಿನರಲ್ ಅಂದರೆ ಲೆಮನೇಡು, ಆರೆಂಜು. ಹಾಲಿನಲ್ಲಿ ಮದ್ಯ ಇರಲಿಲ್ಲ. ಧೈರ್ಯ ಬೇಕಾದವರು ಪಬ್ಬಿನಲ್ಲೇ ಮುಗಿಸಿಕೊಂಡು ಬರುತ್ತಿದ್ದರು.

1963ರ ಫೆಬ್ರವರಿ. ಆ ಚಳಿಗಾಲವನ್ನು ಇಲ್ಲಿಯ ಹಿರಿಯರು ಇವತ್ತಿಗೂ ನೆನೆಯುತ್ತಾರೆ. ಲೆಂಟ್, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ವ್ರತದ ದಿನಗಳು, ಶುರುವಾಗುವ ಹಿಂದಿನ ರಾತ್ರಿಯ ಡ್ಯಾನ್ಸು. ಒಬ್ಬ ಎತ್ತರದ ಹುಡುಗ ನೆಲ ದಾಟಿ ನೆಟ್ಟಗೆ ಇವರ ಹತ್ತಿರವೇ ಬಂದ. ಪಕ್ಕದ ಗೆಳತಿ ಕಿವಿಯಲ್ಲಿ "ಕಿವಿ ನೋಡೇ ಅವನದು" ಅಂದಳು. ನಗು ತಡೆಯಲಾರದೆ ಇವರು "ಕಾಲು ನೋಯ್ತಿದೆ" ಅಂದುಬಿಟ್ಟರು. ಅವನು ತಿರುಗಿ ಹೊರಟ. ಆಗ ಹಿಂದಿನಿಂದ ನೋಡಿದರೆ ಕೋಟಿನ ಒಂದು ತೋಳಿಗೆ ಬೇರೆ ಬಣ್ಣದ ದಾರದ ಹೊಲಿಗೆ. ಅಮ್ಮ ಹಾಕಿದ್ದಲ್ಲ, ತಾನೇ ಹಾಕಿಕೊಂಡಿದ್ದು ಅಂತ ನೋಡಿದ ತಕ್ಷಣ ಗೊತ್ತಾಯಿತಂತೆ. ಕರೆಯೋಣ ಅಂದರೆ ಬಾಯಿ ಬರಲಿಲ್ಲ.

ಮರುದಿನದಿಂದ ಲೆಂಟ್. ಹಾಲಿಗೆ ಬೀಗ. ಆರು ವಾರ ದಾಟಿ ಈಸ್ಟರ್ ಬರಬೇಕು. ಥೇಟ್ ನಮ್ಮ ಆಷಾಢ ಅಲ್ವಾ? ಆಗೆಲ್ಲ ಲೆಂಟಿನಲ್ಲಿ ಮದುವೆಯೂ ಇರಲಿಲ್ಲ, ಕುಣಿತವೂ ಇರಲಿಲ್ಲ. ಡ್ಯಾನ್ಸ್ ಹಾಲುಗಳಲ್ಲಿ ನುಡಿಸುತ್ತಿದ್ದ ಶೋಬ್ಯಾಂಡಿನವರು ಹೊಟ್ಟೆಪಾಡಿಗೆ ಆ ದಿನಗಳಲ್ಲಿ ಇಂಗ್ಲೆಂಡಿಗೋ ಅಮೆರಿಕಕ್ಕೋ ಹೋಗುತ್ತಿದ್ದರು. ಈಸ್ಟರ್ ಭಾನುವಾರ ರಾತ್ರಿ ಬೀಗ ತೆಗೆದರೆ ಜನವೋ ಜನ. ಅಜ್ಜಿಯ ಕೋಟಿಗೆ ಸಿಕ್ಕಿದ್ದು 43ನೇ ಕೊಕ್ಕೆ. ಅವನು ಬಂದಿದ್ದ. ಮತ್ತೆ ಅಷ್ಟೂ ನೆಲ ದಾಟಿ ಬಂದು, "ಕಾಲು ಹೇಗಿದೆ ಈಗ?" ಅಂತ ಕೇಳಿದ.

ಸೈಕಲ್ಲಿನ ಮುಂದಿನ ಬಾರ್ ಮೇಲೆ ಕೂರಿಸಿಕೊಂಡು ಮನೆ ತನಕ ಬಿಟ್ಟನಂತೆ, ಐದು ಮೈಲಿ. ಅಜ್ಜ ಹೋಗಿ ಮೂರು ವರ್ಷವಾಯಿತು. ಭಾನುವಾರ ಹೊರಡುವಾಗ ಅಜ್ಜಿ ತಮ್ಮ ಕೋಟು ತೆಗೆದುಕೊಂಡದ್ದು 43ರಿಂದಲೇ.

ಇನ್ನು ನನ್ನ ಕಥೆ. ಮಾರುತಿ ಓಮ್ನಿಯಲ್ಲಿ ಏಳು ಜನ ಬಂದಿದ್ದರು. ಕಾಫಿ ತಟ್ಟೆ ಹಿಡಿದು ತಲೆ ತಗ್ಗಿಸಿ ಬಂದವಳಿಗೆ ಮೊದಲು ಕಂಡದ್ದು ಒಂದು ಸಾಕ್ಸು, ಅದರ ತೂತಿನಿಂದ ಇಣುಕುತ್ತಿದ್ದ ಹೆಬ್ಬೆರಳು. ಮುಖ ನೋಡಿದ್ದು ಕೇಸರಿಬಾತ್ ಕೊಡುವಾಗ. ನಮ್ಮಲ್ಲಿ ಯಾರೂ ನೆಲ ದಾಟಿ ವಾಪಸ್ ಹೋಗಬೇಕಿಲ್ಲ. ಒಂದು ವಾರ ಬಿಟ್ಟು "ಜಾತಕ ಕೂಡಿಬರಲಿಲ್ಲ" ಅಂತ ಹೇಳಿ ಕಳಿಸಿದರೆ ಮುಗಿಯಿತು. ಹಾಗೆ ಕಾಲು ನೋವಿನ ನೆಪ ಹೇಳಿಸಿಕೊಂಡ ಹುಡುಗಿಯರು ನಮ್ಮೂರಲ್ಲಿ ಎಷ್ಟು ಜನರೋ. ಅವರು ಆ ಏಳು ಜನರ ತಟ್ಟೆಯನ್ನು ತಾವೇ ತೊಳೆದಿಡುತ್ತಿದ್ದರು.

ಇಲ್ಲಿಯೂ ಕಾವಲು ಕಡಿಮೆ ಇರಲಿಲ್ಲ ಬಿಡಿ. 1935ರಲ್ಲಿ ಕಾನೂನೇ ಬಂತು, ನ್ಯಾಯಾಧೀಶರ ಲೈಸೆನ್ಸ್ ಇಲ್ಲದೆ ಸಾರ್ವಜನಿಕ ಡ್ಯಾನ್ಸ್ ನಡೆಸುವ ಹಾಗಿಲ್ಲ ಅಂತ. ಪಾದ್ರಿಗಳ ಕಣ್ಣು ಬೇರೆ. ಆದರೂ ಲೀಟ್ರಿಮ್ ಕೌಂಟಿಯ ಗ್ಲೆನ್‌ಫಾರ್ನ್‌ನಲ್ಲಿ 1934ರಲ್ಲಿ ಶುರುವಾದ ರೇನ್‌ಬೋ ಬಾಲ್‌ರೂಮಿನ ಮಾಲೀಕರು ನಡುವೆ ದೀಪ ಮಂದ ಮಾಡಿಸಿ, ಜೋಡಿಗಳು ಪರಿಚಯ ಮಾಡಿಕೊಳ್ಳಿ ಅಂತ ತಾವೇ ವೇದಿಕೆ ಹತ್ತಿ ಹೇಳುತ್ತಿದ್ದರಂತೆ. ಆ ಹಾಲ್ ಇವತ್ತಿಗೂ ಇದೆ. 1992ರಲ್ಲಿ ಪ್ರಧಾನಿಯಾದ ಆಲ್ಬರ್ಟ್ ರೆನಾಲ್ಡ್ಸ್ ಕೂಡ ಮೊದಲು ಅಣ್ಣನ ಜೊತೆ ಸೇರಿ ಊರೂರಲ್ಲಿ ಬಾಲ್‌ರೂಮ್ ನಡೆಸುತ್ತಿದ್ದವರೇ. 70ರ ದಶಕದಲ್ಲಿ ಹೋಟೆಲಿನ ಬಾರು, ಡಿಸ್ಕೋ ಬಂದವು, ಇವು ಒಂದೊಂದಾಗಿ ಮುಚ್ಚಿದವು.

ಲಂಡನ್ನಿನ ಕ್ರಿಕಲ್‌ವುಡ್‌ನಲ್ಲಿದ್ದ ಗಾಲ್ಟಿಮೋರ್ ಅನ್ನೋ ಐರಿಷ್ ಡ್ಯಾನ್ಸ್ ಹಾಲ್ ಮಾತ್ರ 2008ರ ತನಕ ಎಳೆಯಿತು. ಕೂಲಿಗೆ, ನರ್ಸಿಂಗಿಗೆ ಅಂತ ಹೋದ ಐರಿಷ್ ಹುಡುಗ ಹುಡುಗಿಯರೆಲ್ಲ ವಾರದ ಕೊನೆಗೆ ಅಲ್ಲಿ. ಮೊದಲ ಪ್ರಶ್ನೆ "ಯಾವ ಕೌಂಟಿ?" ನಮ್ಮ "ಯಾವ ಊರು ನಿಮ್ಮದು?" ಇದ್ದ ಹಾಗೆ. ಅಲ್ಲಿ ಎರಡು ಹಾಲ್ ಇದ್ದವು, ಒಂದರಲ್ಲಿ ಹಳೆಯ ಊರ ಕುಣಿತ, ಇನ್ನೊಂದರಲ್ಲಿ ಹೊಸ ಹಾಡು. ಭಾವಗೀತೆಯೋ ಸಿನಿಮಾ ಹಾಡೋ ಅಂತ ಪ್ರತಿ ಕಮಿಟಿ ಮೀಟಿಂಗಿನಲ್ಲಿ ಕಾದಾಡುವ ನಮ್ಮವರು ಇದನ್ನು ಗಮನಿಸಬೇಕು. ಆದರೆ ನಮ್ಮ ಹತ್ತಿರ ದುಡ್ಡಿರುವುದು ಒಂದೇ ಹಾಲಿಗೆ.

ಜಾಗ ಮುಗಿಯುತ್ತಾ ಬಂತು, ಸೂಚನೆಗಳು: ರಾಜ್ಯೋತ್ಸವ ನವೆಂಬರ್ ಎರಡನೇ ಶನಿವಾರ, ಮಧ್ಯಾಹ್ನ 2ಕ್ಕೆ ಸರಿಯಾಗಿ. (ನಮ್ಮ ಎರಡಲ್ಲ, ಇಲ್ಲಿಯವರ ಎರಡು.) ಊಟಕ್ಕೆ ಹೆಸರು ಕೊಡದವರು ಶುಕ್ರವಾರದೊಳಗೆ ಕೊಡಿ, ಪುಳಿಯೋಗರೆ ಲೆಕ್ಕ ತಪ್ಪಿದರೆ ಬೈಸಿಕೊಳ್ಳುವವಳು ನಾನು. ಕನ್ನಡ ಶಾಲೆ ಮುಂದಿನ ಭಾನುವಾರ ಇಲ್ಲ. ಹೋದ ವರ್ಷದ ದೊಡ್ಡ ಸ್ಟೀಲ್ ಸೌಟು ಯಾರ ಮನೆಯಲ್ಲಿದೆಯೋ ದಯವಿಟ್ಟು ತನ್ನಿ. ಕೋಲಾಟದ ಮಕ್ಕಳು ಬರಿಗಾಲಲ್ಲಿ ಬರಲಿ.

ಕುರ್ಚಿ ಜೋಡಿಸಲು ಕಡಿಮೆ ಅಂದರೂ ನಾಲ್ಕು ಜನ ಬೇಕು. ಈ ಪತ್ರಿಕೆಗೂ ಒಬ್ಬರು ಬೇಕು. ಆರು ವರ್ಷದಿಂದ ಒಬ್ಬಳೇ ಮಾಡುತ್ತಿದ್ದೇನೆ, ಸಾಕಾಗಿದೆ ಅಂತಲ್ಲ, ಆದರೆ ಸ್ವಲ್ಪ ಸಾಕಾಗಿದೆ.

ಅಜ್ಜಿಯೂ ಬರುತ್ತೇನೆ ಅಂದಿದ್ದಾರೆ. ನಾನು ಬೆಳಿಗ್ಗೆ 10ಕ್ಕೇ ಪಾತ್ರೆ ಹೊತ್ತುಕೊಂಡು ಹಾಲಿಗೆ ಹೋಗಿರಬೇಕು. ನಮ್ಮ ರಸ್ತೆಯ ಕಡೆಯಿಂದ ಬರುವವರು ಯಾರಾದರೂ ಅವರನ್ನು ಕಾರಿನಲ್ಲಿ ಕರೆದುಕೊಂಡು ಬರುತ್ತೀರಾ? ಬಂದವರು ಕೋಟು ಎಲ್ಲಿ ಬೇಕಾದರೂ ನೇತುಹಾಕಿ, 43 ಮಾತ್ರ ಬಿಡಿ.