ಟುವಾಲು ಪ್ರತಿನಿಧಿಯ ಕಡೆಯಿಂದ ಥ್ಯಾಂಕ್ಸ್

ಕಳೆದ ಭಾನುವಾರ ಸಂಜೆ ನಮ್ಮ ನಿರ್ಣಯ ಪಾಸಾಯಿತು. ಸಮುದ್ರ ಏರಿ ನೆಲ ಕಳೆದುಕೊಳ್ಳುವ ಪುಟ್ಟ ದ್ವೀಪ ದೇಶಗಳಿಗೆ ಪರಿಹಾರದ ಹಣ ಬೇಗ ತಲುಪಬೇಕು ಅನ್ನುವ ನಿರ್ಣಯ. ನಡೆದದ್ದು ನಿಜವಾದ ವಿಶ್ವಸಂಸ್ಥೆಯಲ್ಲಿ ಅಲ್ಲ, ವಿದ್ಯಾರ್ಥಿಗಳೇ ಒಂದೊಂದು ದೇಶದ ಪ್ರತಿನಿಧಿಗಳಾಗುವ ಅಣಕು ವಿಶ್ವಸಂಸ್ಥೆಯಲ್ಲಿ. ನಾವು ಎಂಯುಎನ್ ಅಂತೀವಿ. ಅದರಿಂದ ಜಗತ್ತಿನಲ್ಲಿ ಒಂದು ಹುಲ್ಲುಕಡ್ಡಿಯೂ ಅಲುಗಾಡಿಲ್ಲ, ಗೊತ್ತು. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾರಿಗೆಲ್ಲ ಥ್ಯಾಂಕ್ಸ್ ಹೇಳಬೇಕು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾ ಮಲಗಿದ್ದೆ.

ಮೊದಲು, ಎರಡು ವರ್ಷದ ಹಿಂದೆ ಸಭೆ ನಡೆಸಿದ ಒಬ್ಬ ಚೇರ್‌ಗೆ. ಅದು ನನ್ನ ಮೊದಲ ಸಮ್ಮೇಳನ, ನಾನು ಪೆರು ದೇಶದ ಪ್ರತಿನಿಧಿ. 90 ಸೆಕೆಂಡ್ ಮಾತಾಡಬೇಕಿತ್ತು. 20 ಸೆಕೆಂಡಿಗೆ ಗಂಟಲು ಕಟ್ಟಿತು. ಗಾಬರಿಯಲ್ಲಿ ‘ನಾನು’ ಅಂದುಬಿಟ್ಟೆ. ಅಲ್ಲಿ ‘ನಾನು’ ಅನ್ನುವ ಹಾಗಿಲ್ಲ, ‘ಪೆರು ಪ್ರತಿನಿಧಿ’ ಅನ್ನಬೇಕು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಗ ಚೇರ್ ಮೆಲ್ಲಗೆ ಕೇಳಿದರು, “ಉಳಿದ ಸಮಯವನ್ನು ಪ್ರತಿನಿಧಿಯವರು ಅಧ್ಯಕ್ಷರಿಗೆ ಬಿಟ್ಟುಕೊಡುತ್ತಾರೆಯೇ?” ನಿಯಮದಲ್ಲೇ ಇರುವ ಪ್ರಶ್ನೆ ಅದು. ಆದರೆ ಅವರು ಕೇಳಿದ ರೀತಿಯಲ್ಲಿ, ನಾನು ಬೇಕೆಂದೇ ಮಾತು ನಿಲ್ಲಿಸಿದ ಹಾಗೆ ಕಂಡಿತು. ಮಾನ ಉಳಿಯಿತು. ಇಲ್ಲದಿದ್ದರೆ ಎರಡನೇ ಸಮ್ಮೇಳನಕ್ಕೆ ನಾನು ಹೋಗುತ್ತಲೇ ಇರಲಿಲ್ಲ.

ಆಮೇಲೆ ಸೀನಿಯರ್ ಅಕ್ಕನಿಗೆ. “ಭಾಷಣ ಬಿಡು, ಮೊದಲು ನಿರ್ಣಯ ಓದು” ಅಂದವಳು ಅವಳೇ. ವಿಶ್ವಸಂಸ್ಥೆಯ ಅಸಲಿ ನಿರ್ಣಯಗಳನ್ನೇ ತೆಗೆದು ಓದಿಸಿದಳು. ಪುಟಗಟ್ಟಲೆ ಇದ್ದರೂ ಒಂದು ನಿರ್ಣಯ ಅಂದರೆ ಒಂದೇ ವಾಕ್ಯ, ಅದು ನಿಮಗೆ ಗೊತ್ತಿತ್ತಾ? ‘ನೆನಪಿಸಿಕೊಳ್ಳುತ್ತಾ’, ‘ಕಳವಳಗೊಂಡು’ ಅಂತ ಅಲ್ಪವಿರಾಮ ಹಾಕಿಕೊಂಡು ಶುರುವಾಗಿ, ‘ಕರೆ ನೀಡುತ್ತದೆ’, ‘ಶಿಫಾರಸು ಮಾಡುತ್ತದೆ’ ಅಂತ ಸಾಗಿ, ಕೊನೆಗೆಲ್ಲೋ ಒಂದು ಪೂರ್ಣವಿರಾಮ. ನಾನು ಗತ್ತಿನಿಂದ ‘ಆದೇಶಿಸುತ್ತದೆ’ ಅಂತ ಬರೆದಿದ್ದೆ. ಅಕ್ಕ ಕೆಂಪು ಪೆನ್ನಿನಲ್ಲಿ ಗೀಚಿ ಹಾಕಿದಳು. “ಎಲ್ಲ ದೇಶಗಳೂ ಕೂರೋ ಸಾಮಾನ್ಯ ಸಭೆ ಬೇರೆ ದೇಶಕ್ಕೆ ಆದೇಶ ಕೊಡೋಕಾಗಲ್ಲ ಕಣೇ. ಅಂಥ ಅಧಿಕಾರ ಬೇಕಿದ್ರೆ ಭದ್ರತಾ ಮಂಡಳಿಗೆ ಹೋಗು.”

ಹೋಗಬೇಕು ಅಂತಲೇ ಇತ್ತು ನನಗೆ. ಈ ಸಲ ಫ್ರಾನ್ಸ್ ಕೇಳಿದ್ದೆ, ಒಬ್ಬರೇ ನಿರ್ಣಯ ತಡೆಯೋ ವೀಟೊ ಅಧಿಕಾರ ಇರುತ್ತಲ್ಲ! ಮೇಡಂ ಕೊಟ್ಟದ್ದು ಟುವಾಲು, ಪೆಸಿಫಿಕ್ ಸಾಗರದ ಪುಟ್ಟ ದ್ವೀಪ ದೇಶ. ಮನೆಯಲ್ಲಿ ಹೇಳಿದರೆ ತಮ್ಮ, “ಅದು ಮೈ ಒರೆಸೋದಲ್ವಾ?” ಅಂದ. ಒಟ್ಟು 26 ಚದರ ಕಿಲೋಮೀಟರ್ ನೆಲ, ಸುಮಾರು 11,000 ಜನ, ವಿಶ್ವಸಂಸ್ಥೆಗೆ ಸೇರಿದ್ದು 2000ದಲ್ಲಿ. ಮುಖ ಊದಿಸಿಕೊಂಡೇ ಓದಲು ಕೂತೆ. 2021ರ ಗ್ಲಾಸ್ಗೋ ಹವಾಮಾನ ಸಮ್ಮೇಳನಕ್ಕೆ ಟುವಾಲುವಿನ ಆಗಿನ ಮಂತ್ರಿ ಸೈಮನ್ ಕೋಫೆ ಕಳಿಸಿದ ವಿಡಿಯೊ ಸಿಕ್ಕಿತು. ಕೋಟು, ಟೈ ಹಾಕಿಕೊಂಡು, ಪ್ಯಾಂಟ್ ಮಡಚಿ, ಮೊಣಕಾಲುದ್ದ ಸಮುದ್ರದ ನೀರಿನಲ್ಲಿ ನಿಂತು ಮಾತಾಡುತ್ತಿದ್ದಾರೆ. ಅದನ್ನು ನೋಡಿದ ಮೇಲೆ ಫ್ರಾನ್ಸ್ ಮರೆತೇ ಹೋಯಿತು. ಮೇಡಂ, ನೀವು ಅವತ್ತು ಹೇಳಿದ್ದು ಈಗಲೂ ನೆನಪಿದೆ: “ವೀಟೊ ಇದ್ದವರು ಬೇಡ ಅಂದ್ರೆ ಸಾಕು. ನೀನು ಹತ್ತು ಜನರ ಬಾಯಲ್ಲಿ ಬೇಕು ಅನ್ನಿಸಬೇಕು.”

ಅಮ್ಮನಿಗೂ ಥ್ಯಾಂಕ್ಸ್. ಸ್ಟಾಪ್‌ವಾಚ್ ಹಿಡಿದು ಅದೇ ಭಾಷಣವನ್ನು ಎಷ್ಟು ಸಲ ಕೇಳಿದಳೋ. ಪ್ರತಿನಿಧಿಗಳು ಒಬ್ಬರಿಗೊಬ್ಬರು ಬರೆಯುವ ಚೀಟಿ ಒಯ್ಯುತ್ತಿದ್ದ ಸ್ವಯಂಸೇವಕರಿಗೂ. ಮೂರು ದಿನ ಪೂರ್ತಿ ನಿಂತೇ ಇದ್ದರು. ಎಂಯುಎನ್‌ನಲ್ಲಿ ಅರ್ಧ ರಾಜತಾಂತ್ರಿಕತೆ ನಡೆಯುವುದು ಆ ಚೀಟಿಗಳಲ್ಲೇ, ಬಹುಮಾನ ಮಾತ್ರ ಮೈಕ್ ಹಿಡಿದವರಿಗೆ. (ನನಗೆ ಬರಲಿಲ್ಲ ಅಂತ ಹೇಳುತ್ತಿಲ್ಲ. ಸರಿ, ಸ್ವಲ್ಪ ಅದಕ್ಕೂ.)

ಎರಡನೇ ದಿನ ನನಗೊಂದು ಚೀಟಿ ಬಂತು. “ನಾರ್ವೆಯಿಂದ ಟುವಾಲುಗೆ: ನಿಮ್ಮ ನಿರ್ಣಯದ ನಾಲ್ಕನೇ ಅಂಶಕ್ಕೆ ದುಡ್ಡಿರುವ ಯಾವ ದೇಶವೂ ಕೈ ಎತ್ತುವುದಿಲ್ಲ. ಮಾತಾಡೋಣವಾ?” ಶ್ರೀಮಂತ ದೇಶಗಳು ನಿಧಿಗೆ ಹಣ ಕೊಡುವುದು ‘ಕಡ್ಡಾಯ’ ಅಂತ ನಾನು ಬರೆದಿದ್ದೆ. ಕಾಕಸ್, ಅಂದರೆ ಸಭೆಯ ನಡುವಿನ ಬಿಡುವಿನ ಮಾತುಕತೆ, ಶುರುವಾದದ್ದೇ ಎಲ್ಲರೂ ಎದ್ದು ಗುಂಪು ಕಟ್ಟಿದರು. ನಾವಿಬ್ಬರು ಬಾಗಿಲ ಪಕ್ಕ ನೆಲದ ಮೇಲೆ ಕೂತೆವು. ಅರ್ಧ ಗಂಟೆ ಜಗಳ, ಒಂದೇ ಪದಕ್ಕೆ. ಕೊನೆಗೆ ‘ಕಡ್ಡಾಯ’ ಹೋಯಿತು, ‘ಒತ್ತಾಯಿಸುತ್ತದೆ’ ಬಂತು. ಬದಲಿಗೆ, ಅರ್ಜಿ ಹಾಕಿದ ದ್ವೀಪಗಳಿಗೆ 60 ದಿನದೊಳಗೆ ಉತ್ತರ ಕೊಡಬೇಕು ಅನ್ನುವ ಸಾಲನ್ನು ನಾರ್ವೆಯೇ ಸೇರಿಸಿತು. ಅದಾದ ಮೇಲೆ ಬೆಂಬಲದ ಸಹಿಗಳು ತಾವಾಗೇ ಬಂದವು.

ಆ ಪದ ಬಿಟ್ಟದ್ದು ಸರಿಯಾ ಅಂತ ಈಗಲೂ ಒಳಗೆ ಕೊರೆಯುತ್ತದೆ. 2022ರ ಹವಾಮಾನ ಸಮ್ಮೇಳನದಲ್ಲಿ, ಈಜಿಪ್ಟಿನ ಶರ್ಮ್ ಅಲ್-ಶೇಖ್‌ನಲ್ಲಿ ಒಪ್ಪಿಕೊಂಡ ಅಸಲಿ ನಷ್ಟ ಪರಿಹಾರ ನಿಧಿಯಲ್ಲೂ ಇಷ್ಟು ಕೊಡಲೇಬೇಕು ಅಂತ ಯಾವ ದೇಶದ ಮೇಲೂ ಕಡ್ಡಾಯವಿಲ್ಲ. ಮೊದಲು ಅದನ್ನು ಓದಿದಾಗ ‘ಎಂಥಾ ಹೇಡಿಗಳು’ ಅಂದುಕೊಂಡಿದ್ದೆ. ಈಗ ಅಲ್ಲಿ ಕೂತಿದ್ದವರನ್ನು ಅಷ್ಟು ಸುಲಭವಾಗಿ ಬೈಯಲು ಬಾಯಿ ಬರುವುದಿಲ್ಲ.

ನಾರ್ವೆಯವರೇ, ಮೂರು ದಿನ ‘ಮಾನ್ಯ ಪ್ರತಿನಿಧಿ’ ಅಂತಲೇ ಕರೆದು ನಿಮ್ಮ ಹೆಸರು ಕೇಳುವುದೇ ಮರೆತೆ. ‘ಕಡ್ಡಾಯ’ ಹೊಡೆದು ಹಾಕಿದ ನಿಮ್ಮ ನೀಲಿ ಪೆನ್ನು ನನ್ನ ಬ್ಯಾಗಿನಲ್ಲೇ ಉಳಿದಿದೆ. ಯಾವಾಗ ಬೇಕು ಹೇಳಿ, ತಂದುಕೊಡುತ್ತೇನೆ.