ಶಾಸಕರೇ, ಆ ಕಂಚಿನ ತೋಪಿನ ಬಾಯಿಂದ ಕಾಂಕ್ರೀಟ್ ತೆಗೆಸಿ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ಕಚೇರಿ ಆವರಣದಲ್ಲಿರುವ ಕಂಚಿನ ತೋಪಿನ ಬಗ್ಗೆ ಅರ್ಜಿ ಕೊಟ್ಟು ಕೊಟ್ಟು ಸೋತು ಎಲ್ಲರೆದುರು ಬರೆಯುತ್ತಿದ್ದೇನೆ. ನೂರು ವರ್ಷ ದಾಟಿದ ಲೋಹದ ಕೆಲಸ ಪುರಾವಸ್ತು ಎನ್ನುವ 1972ರ ಕಾಯ್ದೆ ನಿಮಗೆ ಗೊತ್ತೇ ಇದೆ.

ಅದು ಹೊವಿಟ್ಜರ್. ಗಿಡ್ಡ ನಳಿಕೆ, ಅಗಲ ಬಾಯಿ, ಒಳಮೈ ನುಣುಪು. ತಳದಲ್ಲಿ ಮದ್ದಿಗೆಂದು ಕಿರಿದಾದ ಗೂಡು. ಉದ್ದ ನಳಿಕೆಯ ಫಿರಂಗಿ ಗೋಡೆಗೆ ಗುಂಡು ಬಡಿದರೆ, ಇದು ಮದ್ದು ತುಂಬಿದ ಟೊಳ್ಳು ಗುಂಡನ್ನು ಗೋಡೆಯ ಮೇಲಿಂದ ಹಾರಿಸಿ ಒಳಗೆ ಕೆಡವುತ್ತಿತ್ತು. ಗುಂಡಿನ ಬತ್ತಿ ಎಷ್ಟುದ್ದ ಕತ್ತರಿಸಬೇಕೆಂಬ ಅಂದಾಜು ತಪ್ಪಿದರೆ ಅದು ನಡುದಾರಿಯಲ್ಲೇ ಸಿಡಿಯುತ್ತಿತ್ತು. ಇಂಥ ತೋಪಿನ ಕಂಚಿನಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ತಾಮ್ರ, ಒಂದು ಪಾಲು ತವರ. ದುಬಾರಿಯಾದರೂ ಕಂಚನ್ನೇ ಬಯಸುತ್ತಿದ್ದರು, ಏಕೆಂದರೆ ಬೀಡುಕಬ್ಬಿಣ ಹೇಳದೆ ಕೇಳದೆ ಸಿಡಿದು ತೋಪಿನವರನ್ನೇ ಕೊಲ್ಲುತ್ತಿತ್ತು.

ಕಳೆದ ರಾಜ್ಯೋತ್ಸವಕ್ಕೆ ಮುಂಚೆ ಕಚೇರಿಯವರು ಏನು ಮಾಡಿದರು ಗೊತ್ತೇ? ಹೊಳೆಯಲಿ ಅಂತ ಗ್ರೈಂಡರ್‌ಗೆ ತಂತಿ ಬ್ರಷ್ ಸಿಕ್ಕಿಸಿ ಉಜ್ಜಿಸಿದರು. ರಂಜಕ, ಅಂದರೆ ಬೆಂಕಿ ಹೊತ್ತಿಸುವ ಪುಡಿಮದ್ದು, ಹಾಕುವ ತೂತಿನ ಪಕ್ಕ ಒಂದು ಸಾಲು ಪರ್ಷಿಯನ್ ಅಕ್ಷರಗಳಿದ್ದವು. ಶಾಲೆಯ ಮಕ್ಕಳನ್ನು ಕರೆತಂದಾಗ ಅವರ ಬೆರಳು ಹಿಡಿದು ಅದರ ಮೇಲೆ ಆಡಿಸುತ್ತಿದ್ದೆ. ಓದಬಲ್ಲವರನ್ನು ಕರೆಸಿ ಎಂದು ಎಷ್ಟು ಬೇಡಿಕೊಂಡರೂ ಯಾರೂ ಕರೆಸಲಿಲ್ಲ. ಈಗ ಅಲ್ಲಿ ಬರೀ ಗೀರುಗಳಿವೆ. ನಾನು ಅಡ್ಡ ನಿಂತೆ, ಮೇಷ್ಟ್ರೇ ಆಚೆ ಹೋಗಿ ಎಂದು ತೋಳು ಹಿಡಿದು ಸರಿಸಿದರು. ಆಮೇಲೆ ಕಸ ಬೀಳಬಾರದೆಂದು ಬಾಯಿಗೆ ಕಾಂಕ್ರೀಟ್ ತುಂಬಿ, ಮೈಗೆ ಬೆಳ್ಳಿ ಬಣ್ಣ ಬಳಿದರು.

ಅದು ಯಾರ ತೋಪು, ಎಲ್ಲಿ ಎರಕ ಹೊಯ್ದದ್ದು ಎಂದು ಹೇಳಬಲ್ಲ ಸಾಲು ಅದೊಂದೇ ಆಗಿತ್ತು, ಸ್ವಾಮಿ. 2015ರಲ್ಲಿ ಲಂಡನ್ನಿನ ಹರಾಜಿನಲ್ಲಿ ಟಿಪ್ಪುವಿನ ಒಂದು ಕಂಚಿನ ಫಿರಂಗಿ 14 ಲಕ್ಷ ಪೌಂಡಿಗೂ ಮೇಲೆ ಹೋಯಿತು. ಶ್ರೀರಂಗಪಟ್ಟಣದಿಂದ 1799ರಲ್ಲಿ ಹೊತ್ತೊಯ್ದವರು ಕಾಪಾಡಿಕೊಂಡಿದ್ದಾರೆ. ನಾವು ನಮ್ಮ ಅಂಗಳದಲ್ಲೇ ಅಳಿಸಿ ಹಾಕುತ್ತಿದ್ದೇವೆ. ಇದಕ್ಕೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ.

ಕಾಂಕ್ರೀಟ್ ತೆಗೆಸಿ. ಸುತ್ತಿಗೆಯಿಂದ ಬೇಡ, ಆಸಿಡ್ ಅಂತೂ ಬೇಡವೇ ಬೇಡ. ಆಸಿಡ್ಡಿನ ಕ್ಲೋರೈಡ್ ಉಳಿದುಕೊಂಡು ತೇವ ತಗುಲಿದರೆ ಕಂಚು ಹಸಿರು ಪುಡಿಯಾಗಿ ಉದುರುತ್ತಲೇ ಹೋಗುತ್ತದೆ. ಪುರಾತತ್ವ ಇಲಾಖೆಯ ಸಂರಕ್ಷಣಾ ತಜ್ಞರನ್ನು ಕರೆಸಿ ತೆಗೆಸಿ. ಅಳಿದ ಸಾಲಿನ ಜಾಗವನ್ನೂ ಅವರೇ ನೋಡಲಿ, ಒಂದೆರಡು ಅಕ್ಷರವಾದರೂ ಉಳಿದಿರಬಹುದು. ಮೇಲೊಂದು ಸೂರು ಹಾಕಿಸಿ. ಈ ಸಲದ ರಾಜ್ಯೋತ್ಸವಕ್ಕೆ ಯಾರೂ ಅದನ್ನು ಮುಟ್ಟಬಾರದೆಂದು ಇವತ್ತೇ ಲಿಖಿತ ಆದೇಶ ಕೊಡಿಸಿ. ಕಾಂಕ್ರೀಟ್ ತೆಗೆಸಿ.

ಇತಿ,
ನಿಮ್ಮ ಕ್ಷೇತ್ರದ ಮತದಾರ, ನಿವೃತ್ತ ಇತಿಹಾಸ ಮೇಷ್ಟ್ರು